ಇಂಟರ್‌ಫೇಸಲ್ಲಿ ಸ್ಟ್ಯಾಟಿಕ್ ಮೆಥಡ್ ಕಡ್ಡಾಯ ಮಾಡೋದು ಹೇಗೆ? ಜಾವಾ 17

ಕಾಫಿನಾಡು_ಕೋಡ್, ಚಿಕ್ಕಮಗಳೂರು:
ಕಾಫಿ ವ್ಯಾಪಾರದ ಬಿಲ್ಲಿಂಗ್ ಪ್ರೋಗ್ರಾಂ. ‘ಕಾಫಿ’ ಅಂತ ಇಂಟರ್‌ಫೇಸ್ (ಕ್ಲಾಸಲ್ಲಿ ಯಾವ ಮೆಥಡ್ ಇರಬೇಕು ಅನ್ನೋ ಕರಾರು), ಅದನ್ನ ಇಂಪ್ಲಿಮೆಂಟ್ ಮಾಡೋ ‘ಪಾರ್ಚ್‌ಮೆಂಟ್’, ‘ಚೆರ್ರಿ’ ಕ್ಲಾಸ್‌ಗಳು. ಪಾರ್ಚ್‌ಮೆಂಟ್ ಅಂದ್ರೆ ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿ, ಚೆರ್ರಿ ಅಂದ್ರೆ ಹಣ್ಣು ಹಾಗೇ ಒಣಗಿಸಿದ್ದು. ಪಾರ್ಚ್‌ಮೆಂಟ್‌ಗೆ 50 ಕೆ.ಜಿ. ಮೂಟೆ ಲೆಕ್ಕದ ದರ, ಚೆರ್ರಿಗೆ ಓಟಿ (50 ಕೆ.ಜಿ.ಗೆ ಎಷ್ಟು ಕೆ.ಜಿ. ಬೇಳೆ ಬರುತ್ತೆ ಅನ್ನೋದು) ನೋಡಿ ದರ. ಫೈಲಿನ ಒಂದು ಸಾಲು ಓದಿ ಆಬ್ಜೆಕ್ಟ್ ಕೊಡೋ ‘ಸಾಲಿನಿಂದ’ ಅನ್ನೋ ಸ್ಟ್ಯಾಟಿಕ್ ಮೆಥಡ್ (ಆಬ್ಜೆಕ್ಟ್ ಇಲ್ಲದೆ ಕ್ಲಾಸಿನ ಹೆಸರಲ್ಲೇ ಕರೆಯೋದು) ಎರಡರಲ್ಲೂ ಇರಲೇಬೇಕು. ಇಂಟರ್‌ಫೇಸಲ್ಲಿ ಅಬ್‌ಸ್ಟ್ರಾಕ್ಟ್ ಸ್ಟ್ಯಾಟಿಕ್ ಅಂದ್ರೆ ‘ಇಲ್ಲೀಗಲ್ ಕಾಂಬಿನೇಷನ್ ಆಫ್ ಮಾಡಿಫೈಯರ್ಸ್’ ಎರರ್. ಅಬ್‌ಸ್ಟ್ರಾಕ್ಟ್ ತೆಗೆದ್ರೆ ಬಾಡಿ (ಮೆಥಡ್ ಒಳಗಿನ ಕೋಡ್) ಕೇಳುತ್ತೆ. ಬಾಡಿ ಕೊಟ್ರೆ, ಚೆರ್ರಿಯಲ್ಲಿ ಆ ಮೆಥಡ್ ಇಲ್ದಿದ್ರೂ ಕಂಪೈಲರ್ ಸುಮ್ಮನಿರುತ್ತೆ. ದಾರಿ ಇದೆಯಾ?

ಹೇಮಾವತಿ_ದಂಡೆ, ಹಾಸನ:
ನೇರ ದಾರಿ ಇಲ್ಲ ಸರ್. ಕಾಫಿ ಟೈಪಿನ ವೇರಿಯಬಲ್ ಮೇಲೆ ‘ದರ’ ಕರೆದಾಗ ಒಳಗಿರೋದು ಚೆರ್ರಿಯೋ ಪಾರ್ಚ್‌ಮೆಂಟೋ ಅಂತ ಓಡೋ ಹೊತ್ತಲ್ಲಿ ನೋಡಿ ಮೆಥಡ್ ಆಯ್ಕೆಯಾಗುತ್ತೆ. ಇಂಟರ್‌ಫೇಸಿನ ಕರಾರು ಇರೋದೇ ಅದಕ್ಕೆ. ಸ್ಟ್ಯಾಟಿಕ್‌ಗೆ ಆಬ್ಜೆಕ್ಟೇ ಇಲ್ಲ, ಯಾವುದು ಅಂತ ಕಂಪೈಲ್ ಆಗುವಾಗಲೇ ತೀರ್ಮಾನ.

ಓದೋ ಕೆಲಸವನ್ನೇ ಒಂದು ಆಬ್ಜೆಕ್ಟ್ ಮಾಡಿ. ‘ಓದುಗ’ ಅಂತ ಇನ್ನೊಂದು ಇಂಟರ್‌ಫೇಸ್, ಅದರಲ್ಲಿ ಒಂದೇ ಮೆಥಡ್: ಸಾಲು ತಗೊಂಡು ಕಾಫಿ ಕೊಡೋದು. ‘ಬಗೆ’ ಅಂತ ಎನಮ್ (ಮೊದಲೇ ಗೊತ್ತಿರೋ ಹೆಸರುಗಳ ಪಟ್ಟಿ) ಬರೆದು, ಅದರ ಕನ್‌ಸ್ಟ್ರಕ್ಟರ್ ಒಬ್ಬ ಓದುಗನನ್ನ ಕೇಳೋ ಹಾಗೆ ಮಾಡಿ, ಹೀಗೆ ಕೊಡಿ (:: ಅಂದ್ರೆ ಆ ಕ್ಲಾಸಿನ ಆ ಮೆಥಡ್):

ಪಾರ್ಚ್‌ಮೆಂಟ್(ಪಾರ್ಚ್‌ಮೆಂಟ್::ಸಾಲಿನಿಂದ),
ಚೆರ್ರಿ(ಚೆರ್ರಿ::ಸಾಲಿನಿಂದ);

ಚೆರ್ರಿಯಲ್ಲಿ ಮೆಥಡ್ ಇಲ್ದಿದ್ರೆ, ಅಥವಾ ಅದು ಬೇರೇನೋ ವಾಪಸ್ ಕೊಟ್ರೆ, ಎರಡನೇ ಸಾಲು ಕಂಪೈಲ್ ಆಗಲ್ಲ. ನಿಮಗೆ ಬೇಕಾಗಿದ್ದ ಕಡ್ಡಾಯ ಅದೇ. ಮ್ಯಾಪ್‌ನಲ್ಲೂ (ಹೆಸರಿಗೆ ಓದುಗನನ್ನ ಜೋಡಿಸಿಟ್ಟ ಪಟ್ಟಿ) ಮಾಡಬಹುದು, ಆದ್ರೆ ಮ್ಯಾಪಿಗೆ ಸೇರಿಸೋದು ಮರೆತರೆ ‘ನಲ್’ ಸಿಗುತ್ತೆ, ಬಿಲ್ ಹೊಡೆಯೋವಾಗಲೇ ಗೊತ್ತಾಗೋದು.

ಬೀಟೆ_ಮರ:
ಇಂಟರ್‌ಫೇಸಲ್ಲಿ ಕೊಟ್ಟಿರೋ ಆ ಬಾಡಿ ಕಿತ್ತುಹಾಕಿ. ಇಂಟರ್‌ಫೇಸಿನ ಸ್ಟ್ಯಾಟಿಕ್ ಮೆಥಡ್, 2014ರ ಜಾವಾ 8ರಲ್ಲಿ ಬಂದಾಗಿಂದಲೂ, ಇಂಪ್ಲಿಮೆಂಟ್ ಮಾಡಿದ ಕ್ಲಾಸಿಗೆ ಇಳಿದು ಬರಲ್ಲ. ಇಂಟರ್‌ಫೇಸ್ ಹೆಸರಲ್ಲೇ ಕರೀಬೇಕು.

ಓಟಿ ಲೆಕ್ಕಕ್ಕೆ ಮಾತ್ರ ಇಂಟರ್‌ಫೇಸಿನ ಸ್ಟ್ಯಾಟಿಕ್ ಮೆಥಡ್ ಹೇಳಿ ಮಾಡಿಸಿದ ಜಾಗ. 1 ಕೆ.ಜಿ. ಸ್ಯಾಂಪಲ್‌ಗೆ 520 ಗ್ರಾಂ ಬೇಳೆ ಬಂದ್ರೆ 50 ಕೆ.ಜಿ.ಗೆ 26, ಓಟಿ 26. ಯಾವ ಆಬ್ಜೆಕ್ಟೂ ಬೇಡ, ಕಾಫಿ.ಓಟಿ(520) ಸಾಕು. ಒಳಗೆ 520/1000*50 ಅಂತ ಇಂಟಿಜರಲ್ಲಿ ಬರೆದ್ರೆ ಓಟಿ ಸೊನ್ನೆ! ಮೊದಲು 50ರಿಂದ ಗುಣಿಸಿ, ಆಮೇಲೆ 1000.0ರಿಂದ ಭಾಗಿಸಿ.

ಇವತ್ತಿನ ದರವನ್ನ ಇಂಟರ್‌ಫೇಸಲ್ಲಿ ಇಡಬೇಡಿ. ಅಲ್ಲಿ ಬರೆದ ವೇರಿಯಬಲ್ ತಾನಾಗೇ ಸ್ಟ್ಯಾಟಿಕ್ ಫೈನಲ್ ಆಗುತ್ತೆ, ನಾಳೆ ಬದಲಾಯಿಸೋಕಾಗಲ್ಲ. ಇಂಟರ್‌ಫೇಸ್ ಬಿಟ್ಟು ಅಬ್‌ಸ್ಟ್ರಾಕ್ಟ್ ಕ್ಲಾಸಿಗೆ ಹೋದ್ರೆ ಇನ್ನೊಂದು ಗುಂಡಿ ಇದೆ: ‘ದರ’ ಸ್ಟ್ಯಾಟಿಕ್ ಆಗಿ ತಾಯಿ ಕ್ಲಾಸು, ಅದರಿಂದ ಬಂದ ಮಗಳು ಕ್ಲಾಸು ಎರಡರಲ್ಲೂ ಇದ್ದರೆ, ತಾಯಿ ಟೈಪಿನ ವೇರಿಯಬಲ್ ಮೂಲಕ ಕರೆದಾಗ ಓಡೋದು ತಾಯಿಯದೇ, ಎರರ್ ಇಲ್ಲ, ಬಿಲ್ ಮಾತ್ರ ತಪ್ಪು. ಮಗಳ ಮೆಥಡ್ ಮೇಲೆ @ಓವರ್‌ರೈಡ್ ಹಾಕಿ ನೋಡಿ, ಕಂಪೈಲರ್ ಅಲ್ಲೇ ಹಿಡಿಯುತ್ತೆ.

ಸಿ_ಶಾರ್ಪ್_ಮಲ್ನಾಡು:
ಸಿ ಶಾರ್ಪ್ 11ರಲ್ಲಿ, ಅಂದ್ರೆ 2022ರಿಂದ, ಸ್ಟ್ಯಾಟಿಕ್ ಅಬ್‌ಸ್ಟ್ರಾಕ್ಟ್ ಬರೀಬಹುದು. ಆದ್ರೆ ಜೆನೆರಿಕ್ ಟೈಪ್ (ಕಂಪೈಲ್ ಆಗುವಾಗ ತುಂಬೋ ಟೈಪಿನ ಹೆಸರು) ಮೂಲಕ ಕರೀಬೇಕು. ಬಗೆ ಯಾವುದು ಅಂತ ಫೈಲ್ ಓದಿದ ಮೇಲೇ ಗೊತ್ತಾಗೋ ನಿಮ್ಮ ಕೇಸಲ್ಲಿ ಅಲ್ಲೂ ಇಂಥದೊಂದು ಪಟ್ಟಿ ಬೇಕೇ ಬೇಕು.

ಕಾಫಿನಾಡು_ಕೋಡ್:
ಎನಮ್ ಕೆಲಸ ಮಾಡ್ತು. ಕೆಲವು ಸಾಲಿಗೆ ಮಾತ್ರ ‘ವ್ಯಾಲ್ಯೂಆಫ್’ (ಹೆಸರು ಕೊಟ್ರೆ ಎನಮ್ ಹುಡುಕಿ ಕೊಡೋದು) ಹತ್ರ ಇಲ್ಲೀಗಲ್ ಆರ್ಗ್ಯುಮೆಂಟ್ ಎಕ್ಸೆಪ್ಷನ್.

ಹೇಮಾವತಿ_ದಂಡೆ:
ಹೆಸರಿನ ಹಿಂದೆ ಮುಂದೆ ಸ್ಪೇಸ್ ಇರಬಹುದು. ‘ಸ್ಟ್ರಿಪ್’ ಮಾಡಿ, ಅಂದ್ರೆ ಆ ಸ್ಪೇಸ್ ತೆಗೆದು, ಕೊಡಿ.