ಸಹಾಯ ಬೇಕು: ಹಕ್ಕಿ, ಕಪ್ಪೆ ಸದ್ದು ಹಿಡಿಯಲು ಯಾವ ರೆಕಾರ್ಡರ್ ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು. ರಜೆ ಸಿಕ್ಕಾಗ ಚಿಂಚೋಳಿ ಕಾಡಿನ ಕಡೆ, ಚಂದ್ರಂಪಳ್ಳಿ ಡ್ಯಾಮ್ ಹತ್ತಿರ ಸುತ್ತುತ್ತೇನೆ. ಆಗಾಗ ಸುರಪುರ ದಾಟಿ ಬೋನಾಳ ಕೆರೆಗೂ ಹೋಗುತ್ತೇನೆ. ಇಷ್ಟು ದಿನ ಮೊಬೈಲೇ ಗತಿ. ನವಿಲು ಕೂಗಿದರೆ ಚೆನ್ನಾಗಿ ಬರುತ್ತೆ. ಆದರೆ ಜೀರುಂಡೆ ಸದ್ದನ್ನು ಮೊಬೈಲ್ ಗದ್ದಲ ಅಂದುಕೊಂಡು ತಾನೇ ಅಳಿಸಿಬಿಡುತ್ತೆ!

ಬಜೆಟ್ 15 ಸಾವಿರ. ಎರಡರ ಮೇಲೆ ಕಣ್ಣಿದೆ: ಜೂಮ್ ಎಚ್1 ಎಸೆನ್ಶಿಯಲ್, ಟ್ಯಾಸ್ಕಾಮ್ ಡಿಆರ್-05ಎಕ್ಸ್. ಜೂಮ್‌ನಲ್ಲಿ 32 ಬಿಟ್ ಫ್ಲೋಟ್ (ತೀರಾ ಮೆಲು, ತೀರಾ ಜೋರು ಸದ್ದು ಎರಡನ್ನೂ ಒಟ್ಟಿಗೆ ಹಿಡಿಯುವ ರೆಕಾರ್ಡಿಂಗ್ ವಿಧಾನ) ಇದೆ. ಗೇನ್ (ಸದ್ದನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ) ಹೊಂದಿಸುವ ತಲೆನೋವಿಲ್ಲ, ಪಕ್ಕದಲ್ಲೇ ಟಿಟ್ಟಿಭ ಕಿರುಚಿದರೂ ಸದ್ದು ಒಡೆಯಲ್ಲ. ಆದರೆ ಮೈಕಿನದೇ ‘ಸ್ಸ್’ ಸದ್ದು ಇದರಿಂದ ಕಡಿಮೆಯಾಗಲ್ಲ ಅಲ್ವಾ? ನನಗೆ ಬೇಕಿರುವುದು ಬೆಳಗಿನ ಜಾವದ ಮೆಲು ಸದ್ದುಗಳು, ಹಾಗಾಗಿ ಆ ‘ಸ್ಸ್’ ಬಗ್ಗೆಯೇ ಜಾಸ್ತಿ ಯೋಚನೆ. ಟ್ಯಾಸ್ಕಾಮ್ ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುತ್ತೆ, ಕೆರೆ ದಂಡೆಗೆ ಅದೇ ಸರಿ ಅನಿಸುತ್ತೆ.

ಎರಡಕ್ಕೂ 3.5 ಎಂಎಂ ಮೈಕ್ ಇನ್‌ಪುಟ್ ಇದೆ. ರೆಕಾರ್ಡರ್ ಅಗ್ಗದ್ದು ತಗೊಂಡು, ‘ಸ್ಸ್’ ಕಡಿಮೆ ಇರುವ ಪ್ರೈಮೊ ಇಎಂ272 ಕ್ಯಾಪ್ಸೂಲ್‌ನ (ಮೈಕಿನೊಳಗೆ ಸದ್ದು ಹಿಡಿಯುವ ಪುಟ್ಟ ಭಾಗ) ಹೊರಗಿನ ಮೈಕಿಗೆ ದುಡ್ಡು ಹಾಕುವುದು ಒಳ್ಳೆಯದಾ? ಯಾರಾದರೂ ಹಾಗೆ ಮಾಡಿದ್ದೀರಾ?

ಇನ್ನೊಂದು, ನಮ್ಮ ಬಯಲಿನ ಗಾಳಿ ಗೊತ್ತಲ್ಲ. ಮೈಕಿಗೆ ಹಾಕುವ ಸ್ಪಂಜಿನ ಟೋಪಿ ಸಾಕಾಗಲ್ಲ. ತುಪ್ಪಳದ ಕವರ್ ಮನೆಯಲ್ಲೇ ಹೊಲಿದವರಿದ್ದರೆ ಯಾವ ಬಟ್ಟೆ ಅಂತ ಹೇಳಿ. ನಿಮ್ಮ ರೆಕಾರ್ಡಿಂಗ್ ಇದ್ದರೆ ಎಡಿಟ್ ಮಾಡದೆ ಹಾಕಿ, ಹೆಡ್‌ಫೋನ್‌ನಲ್ಲಿ ಕೇಳಿ ನೋಡುತ್ತೇನೆ. ಸುಮ್ನೆ ‘ಮೊಬೈಲೇ ಸಾಕು’ ಅನ್ನಬೇಡಿ, ಪ್ಲೀಸ್.