ಸಮಸ್ಯೆ: ಕತ್ತರಿಸಿದವನೆ ಕಾಪಾಡಿದವನು

ಗೆಳೆಯರೇ, ಈ ವಾರದ ಸಮಸ್ಯೆ ಒಂದು ಹಾಳೆಯಿಂದ ಹುಟ್ಟಿತು. ಅದು ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿದೆ. ತೊಗಲಿನ ಹಾಳೆ. 'ಪಿ' ಅನ್ನುವ ಒಂದೇ ಅಕ್ಷರದ ಹೊಟ್ಟೆಯೊಳಗೆ ಯೇಸು ಹುಟ್ಟಿದ ರಾತ್ರಿ ಇಡಿಯಾಗಿ ಕೂತಿದೆ. ಚಿನ್ನದ ರೇಕು ಇವತ್ತಿಗೂ ಹೊಳೆಯುತ್ತದೆ. 'ನಮಗೊಂದು ಮಗು ಹುಟ್ಟಿದೆ' ಎಂಬ ಅರ್ಥದ ಲ್ಯಾಟಿನ್ ಕ್ರಿಸ್ಮಸ್ ಹಾಡಿನ ಮೊದಲ ಅಕ್ಷರವದು. ಚಿತ್ರ ಬರೆದವರು ಫ್ಲಾರೆನ್ಸಿನ ಸನ್ಯಾಸಿ ದೋನ್ ಸಿಲ್ವೆಸ್ತ್ರೊ. ತೀರಿಕೊಂಡದ್ದು 1399ರಲ್ಲಿ. ವೆನಿಸ್ ಪಕ್ಕದ ಮುರಾನೊದ ಮಠಕ್ಕಾಗಿ ಮಾಡಿದ ಹಾಡಿನ ಪುಸ್ತಕದ ಹಾಳೆ ಇದು. ಹಾಡುವವರೆಲ್ಲ ಒಂದೇ ಪುಸ್ತಕ ನೋಡಬೇಕಿತ್ತು. ಅದಕ್ಕೇ ಅಷ್ಟು ದೊಡ್ಡ ಹಾಳೆ.

ನೆಪೋಲಿಯನ್ನನ ಕಾಲದಲ್ಲಿ ಇಟಲಿಯ ಮಠಗಳು ಮುಚ್ಚಿದವು. ಪುಸ್ತಕಗಳು ವ್ಯಾಪಾರಿಗಳ ಕೈಸೇರಿದವು. ಅವರು ಚಿತ್ರಗಳನ್ನು ಕತ್ತರಿಸಿ ಮಾರಿದರು.

ಪದ್ಯದ ನಾಲ್ಕನೆಯ ಸಾಲು ಕೊಟ್ಟಿದ್ದೇನೆ, ಅದೇ ಸಮಸ್ಯೆ. ಮೊದಲ ಮೂರು ಸಾಲು ಬರೆದು ಪದ್ಯ ತುಂಬಿಸುವುದು ನಿಮ್ಮ ಪೂರಣ. ಐದು ಮಾತ್ರೆಯ ಗಣ, ಪ್ರಾಸ 'ತ್ತ'.

*ಕತ್ತರಿಸಿದವನೆ ಕಾಪಾಡಿದವನು*

ಪೂರಣ 1

ಹೊತ್ತಗೆಯ ಮಠವ ಮುಚ್ಚಿಸಿತು ದಂಡಿನ ದಾಳಿ
ಸುತ್ತಿ ಮಾರಿದರೆಲ್ಲ ರದ್ದಿಯಂತೆ
ಹತ್ತು ಕಡೆ ಚದುರಿದರು ಚಿನ್ನ ಮಾಸದು ನೋಡು
ಕತ್ತರಿಸಿದವನೆ ಕಾಪಾಡಿದವನು

ಸರ್, ನನಗೆ ವ್ಯಾಪಾರಿಯ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. 1825ರಲ್ಲಿ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ಚೆಲೊತ್ತಿ ಎಂಬ ಪಾದ್ರಿ ತಂದ ತುಣುಕುಗಳು ಹರಾಜಾದವು. ಬರೀ ಇಂಥ ತುಣುಕುಗಳಿಗೇ ಮೀಸಲಾದ ಹರಾಜು. ಕಾಸು ಕೊಟ್ಟು ಕೊಂಡವರು ಜೋಪಾನ ಮಾಡಿದರು, ಅಲ್ವಾ?

ಪೂರಣ 2

ಸತ್ತ ಬರಹಗನ ಬಲಗೈಯ ಮಣ್ಣಿಗೆ ಬಿಡದೆ
ಎತ್ತಿಟ್ಟ ಸನ್ಯಾಸಿ ಗೂಡಿನೊಳಗೆ
ಹೊತ್ತಗೆಗಳಿಪ್ಪತ್ತ ಬರೆದ ಕೈಯದು ಕೇಳಿ
ಕತ್ತರಿಸಿದವನೆ ಕಾಪಾಡಿದವನು

ಇದು ಕಲ್ಪನೆಯಲ್ಲ. ಸಿಲ್ವೆಸ್ತ್ರೊ ಇದ್ದ ಫ್ಲಾರೆನ್ಸಿನ ಸಾಂತಾ ಮರೀಯಾ ದೇಲಿ ಆಂಜೆಲಿ ಮಠದಲ್ಲಿ ದೋನ್ ಯಾಕೊಪೊ ಎಂಬ ಬರಹಗಾರರಿದ್ದರು. ಇಪ್ಪತ್ತು ಭಾರಿ ಹಾಡಿನ ಪುಸ್ತಕ ಬರೆದವರು. ಅವರು ತೀರಿಕೊಂಡ ಮೇಲೆ ಆ ಕೈಯನ್ನು ಮಠದವರು ಭಕ್ತಿಯಿಂದ ಕಾದಿಟ್ಟರಂತೆ. ಸಿಲ್ವೆಸ್ತ್ರೊ ಅವರ ಕೈಯನ್ನೂ. ಕಲಾವಿದರ ಜೀವನ ಬರೆದ ವಸಾರಿ ಹೇಳಿದ ಮಾತು. ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

— ಆಹಾ! ವಸ್ತುವಿನೊಳಗೇ ಇದ್ದುಕೊಂಡು 'ಕತ್ತರಿಸಿದವ'ನನ್ನೇ ಬದಲಿಸಿಬಿಟ್ಟಿರಿ ಮೇಡಂ. ಮೂರನೆಯ ಸಾಲು ತುಂಬ ಹಿಡಿಸಿತು.

ಪೂರಣ 3

ಬತ್ತಿ ಬೆಳಕಲಿ ಕುಳಿತು ಹೆಬ್ಬಾತು ಗರಿಯೊಂದ
ಒತ್ತಿ ಮೊನೆ ಮಾಡಿದನು ಚಾಕು ಹಿಡಿದು
ಮತ್ತೆ ಬರೆದನು ಗಾಳಿಗಾರಿಹೋಗುವ ರಾಗ
ಕತ್ತರಿಸಿದವನೆ ಕಾಪಾಡಿದವನು

ನನ್ನ ಪದ್ಯದಲ್ಲಿ ಬರಹಗಾರ ಕತ್ತರಿಸಿದ್ದು ಗರಿಯನ್ನು. ನಾಲ್ಕು ಗೆರೆ ಎಳೆದು, ಅದರ ಮೇಲೆ ಚೌಕದ ಚುಕ್ಕಿ ಇಟ್ಟು ರಾಗವನ್ನು ಹಿಡಿದವನು ಅವನೇ.

ಪೂರಣ 4

ಇತ್ತ ಚಿತ್ರವು ಗೋಡೆಯಲಿ ಹೊಳೆಯುತಿದೆ ನಿಜವು
ಅತ್ತಲರ್ಧಕೆ ನಿಂತ ಹಾಡು ಮೂಕ
ಕತ್ತರಿಯ ಮಾತ ನಂಬುವುದೆಂತು? ಹೇಳಿರೈ
ಕತ್ತರಿಸಿದವನೆ ಕಾಪಾಡಿದವನು?

ಮೊದಲ ಪೂರಣದವರು ಬೇಜಾರು ಮಾಡಿಕೊಳ್ಳಬಾರದು. ಪ್ರಶ್ನೆಚಿಹ್ನೆ ಬೇಕೆಂದೇ ಇಟ್ಟೆ. ಉಳಿದದ್ದು ಚಿತ್ರ. ಹಾಡು ಉಳಿಯಲಿಲ್ಲ. ಚೆಲೊತ್ತಿ ಬೇರೆ ಬೇರೆ ತುಣುಕುಗಳನ್ನು ಸೇರಿಸಿ ಅಂಟಿಸಿ, ಹೊಸ ಚಿತ್ರಪಟದಂತೆ ಮಾಡಿಸಿದ್ದೂ ಉಂಟು. ಹಾಡಲೆಂದು ಮಾಡಿದ ಪುಸ್ತಕದಿಂದ ಹಾಡನ್ನೇ ಎಸೆದರೆ ಕಾಪಾಡಿದ ಹಾಗೆ ಆಗುತ್ತದೆಯೇ?

— ಬೇಜಾರಿಲ್ಲ, ಒಪ್ಪಿದೆ. ನನ್ನ ಮೂರನೆಯ ಸಾಲಿನಲ್ಲಿ ಬರೀ ಚಿನ್ನವೇ ಇದೆ. ಹಾಡಿನ ನೆನಪೇ ಆಗಲಿಲ್ಲ ನನಗೆ.

ಸಮಸ್ಯೆ ಕೊಟ್ಟವನ ಮಾತು

ನಾಲ್ಕೂ ಚೆನ್ನಾಗಿವೆ. ನನ್ನ ಮನಸ್ಸು ಎರಡನೆಯದಕ್ಕೆ ಜಾಸ್ತಿ ಒಲಿಯಿತು. ನಾಲ್ಕನೆಯದರ ನೋವಿಗೆ ಒಂದು ಮಾತು ಸೇರಿಸುತ್ತೇನೆ. ಹಾಡು ಪೂರ್ತಿ ಸಾಯಲಿಲ್ಲ. ಚಿತ್ರ ಕತ್ತರಿಸಿದಾಗ ಹಿಂಬದಿಯ ಸಾಲೂ ಜೊತೆಗೆ ಬಂತು. ಎರಡು ಪದ, ನಾಲ್ಕು ಸ್ವರ, ಅಷ್ಟೇ. ಆದರೆ ಯಾವ ಹಬ್ಬಕ್ಕೆ ಯಾವ ಹಾಡು, ಅದರ ಮುಂದೆ ಯಾವುದು ಅನ್ನುವ ಕ್ರಮ ಗೊತ್ತೇ ಇದೆ. ಆ ತುಂಡು ಪದಗಳನ್ನು ಓದಿ, ಯಾವ ತುಣುಕು ಎಲ್ಲಿಯದು ಎಂದು ವಿದ್ವಾಂಸರು ಗುರುತಿಸುತ್ತಾರೆ. ಹಿಂಬದಿಗೆ ಕಾಗದ ಅಂಟಿಸಿದ್ದರೆ ಮಾತ್ರ ಕಷ್ಟ.

ಹಾಗಾಗಿ ಮುಂದಿನ ವಾರಕ್ಕೆ ಸಾಲು ಇದು. ಪ್ರಾಸ 'ನ್ನ':

*ಬೆನ್ನು ನೋಡಿಯೆ ಮುಖದ ಗುರುತು ಹಿಡಿದ*