ಸಹಾಯ ಬೇಕು: ಹಳೆಯ ಚೈನ್ ಡೋಜರ್‌ನ ಬ್ಲೇಡ್ ಸಿಲಿಂಡರ್ ದುರಸ್ತಿ

ಸದಸ್ಯರಿಗೆ ನಮಸ್ಕಾರ. ಕೆಜಿಎಫ್‌ನ ಬಿಇಎಂಎಲ್ ಕಾರ್ಖಾನೆಯಲ್ಲಿ ತಯಾರಾದ, ಈಗ ಸಾಕಷ್ಟು ವಯಸ್ಸಾಗಿರುವ ನಮ್ಮ ಡಿ50 ಡೋಜರ್‌ನ ಬ್ಲೇಡ್ (ಮಣ್ಣು ತಳ್ಳುವ ಮುಂದಿನ ಫಲಕ), ಲಿವರನ್ನು ಹೋಲ್ಡ್‌ನಲ್ಲಿಟ್ಟರೂ ನಿಧಾನವಾಗಿ ಕೆಳಗಿಳಿಯುತ್ತಿದೆ. ದೋಷ ಎಣ್ಣೆಯ ಹರಿವನ್ನು ನಿಯಂತ್ರಿಸುವ ಕಂಟ್ರೋಲ್ ವಾಲ್ವ್‌ನದೋ ಬ್ಲೇಡ್ ಎತ್ತುವ ಸಿಲಿಂಡರಿನದೋ ಎಂದು ತಿಳಿಯಲು, ಬ್ಲೇಡನ್ನು ಪೂರ್ತಿ ಎತ್ತಿ, ಅಡಿಯಲ್ಲಿ ಭದ್ರವಾದ ದಿಮ್ಮಿಗಳನ್ನು ಕೊಟ್ಟು, ಪಿಸ್ಟನ್‌ನ ಮೇಲ್ಬದಿಯ ಹೋಸನ್ನು ಬಿಚ್ಚಿ ಅದರ ಬಾಯಿ ಮುಚ್ಚಿ, ರಾಡ್ ಬದಿಗೆ ಒತ್ತಡ ಕೊಟ್ಟಾಗ ಸಿಲಿಂಡರಿನ ತೆರೆದ ಪೋರ್ಟ್‌ನಿಂದ (ಹೋಸ್ ಬಿಚ್ಚಿದ ರಂಧ್ರದಿಂದ) ಎಣ್ಣೆ ನಿಲ್ಲದೆ ಹರಿಯಿತು. ಆದ್ದರಿಂದ ಒಳಗಿನ ಪಿಸ್ಟನ್ ಸೀಲ್ ಸವೆದಿದೆ ಎಂದೇ ನನ್ನ ತೀರ್ಮಾನ. ಸೀಲ್ ಬದಲಿಸುವುದು ದೊಡ್ಡ ಮಾತಲ್ಲ. ಆದರೆ ರಾಡ್‌ನ ಕ್ರೋಮ್ ಮೇಲೆ ತುಕ್ಕಿನ ಗುಳಿಗಳು ಬಿದ್ದಿದ್ದು, ಅವುಗಳನ್ನು ಹಾಗೆಯೇ ಬಿಟ್ಟರೆ ರಾಡ್ ಹೊರಬರುವ ಬಾಯಿಯಲ್ಲಿ ಹಾಕುವ ಹೊಸ ಸೀಲಿನ ಅಂಚೂ ಹರಿದುಹೋಗುತ್ತದೆ. ಹಳೆಯ ರಾಡನ್ನೇ ಗ್ರೈಂಡ್ ಮಾಡಿಸಿ ಮತ್ತೆ ಹಾರ್ಡ್ ಕ್ರೋಮ್ ಹಾಕಿಸುವುದು ಮೇಲೋ, ಸಿದ್ಧ ಕ್ರೋಮ್ ರಾಡ್ ತಂದು ಲೇತ್‌ನಲ್ಲಿ ಹೊಸದನ್ನೇ ಮಾಡಿಸುವುದು ಮೇಲೋ? ಬ್ಯಾರೆಲ್ ಹೋನಿಂಗ್ (ಸಿಲಿಂಡರಿನ ಒಳಮೈ ಉಜ್ಜಿ ನಯಗೊಳಿಸುವುದು) ಸಹಿತ ಈ ಕೆಲಸ ಮಾಡಿಸಿದ ಅನುಭವಿಗಳು, ಹುಬ್ಬಳ್ಳಿ ಅಥವಾ ಪೀಣ್ಯದ ಕಡೆ ನಂಬಬಹುದಾದ ವರ್ಕ್‌ಶಾಪ್ ಇದ್ದರೆ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.